ರಾಹುಕಾಲ ನೋಡುವ ನಾಸ್ತಿಕ

ನಾಸ್ತಿಕತೆಯೂ ಒಂದು ಧರ್ಮವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಹಿಂದೆಲ್ಲ ಜಗಳಕ್ಕೇ ನಿಲ್ಲುತ್ತಿದ್ದೆ. ನಂಜನಗೂಡಿನ ನಮ್ಮ ಮನೆಯಲ್ಲಿ ದೇವರ ಪಟವಿಲ್ಲ, ದೀಪವಿಲ್ಲ. ಪಂಚಾಂಗದ ಕ್ಯಾಲೆಂಡರ್ ಮಾತ್ರ ಯಾವ ವರ್ಷವೂ ತಪ್ಪಿಲ್ಲ. ರಾಹುಕಾಲ ಯಾವಾಗ ಎಂದು ಗೊತ್ತಿಲ್ಲದಿದ್ದರೆ ಸರಿಯಾಗಿ ಆ ಹೊತ್ತಿಗೇ ಕೆಲಸ ಶುರುಮಾಡುವುದು ಹೇಗೆ? ಸ್ಕೂಟರ್ ತಂದದ್ದು ರಾಹುಕಾಲದಲ್ಲಿ. ಹಾಲುಕ್ಕಿಸುವ ಶಾಸ್ತ್ರವಿಲ್ಲದೆ ಈ ಮನೆಗೆ ಬಂದದ್ದೂ ರಾಹುಕಾಲದಲ್ಲೇ. ಅವತ್ತು ಸಾಮಾನಿನ ಲಾರಿ ಬೇಗ ಬಂದುಬಿಟ್ಟಿತ್ತು. ಹೆಂಡತಿ, ಮಗಳನ್ನು ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ರಾಹುಕಾಲ ಬರಲಿ ಎಂದು ಕಾದೆ.

ಮಗಳು ತಿ. ನರಸೀಪುರದ ಹುಡುಗನೊಬ್ಬನನ್ನು ಮೆಚ್ಚಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗುತ್ತೇನೆ ಎಂದಾಗ ನನಗೆ ಹೆಮ್ಮೆಯಾಯಿತು. ದಿನ ಮಾತ್ರ ನಾನೇ ಗೊತ್ತುಮಾಡುತ್ತೇನೆ ಎಂದೆ. ಆಷಾಢ, ಅಮಾವಾಸ್ಯೆ, ರಾಹುಕಾಲ ಮೂರೂ ಕೂಡಿಬರುವ ಗುರುವಾರ ಮಧ್ಯಾಹ್ನವೊಂದನ್ನು ಹುಡುಕಿದೆ. ಹುಡುಗ ಹುಡುಗಿ ರಜೆ ಹಾಕಿದರು.

ಮದುವೆಗೆ ಒಂದು ವಾರವಿದೆ ಎನ್ನುವಾಗ ಹೆಂಡತಿ ಸೊಪ್ಪು ಬಿಡಿಸುತ್ತಾ ಖುಷಿಯಿಂದ ಹೇಳಿದಳು: "ಎಂಥಾ ಒಳ್ಳೇ ದಿನ ನೋಡಿದ್ದೀರಿ ಕಣ್ರೀ. ಅವತ್ತು ಭೀಮನ ಅಮಾಸೆ. ಹೆಂಡ್ತೀರು ಗಂಡಂದಿರ ಪಾದಪೂಜೆ ಮಾಡೋ ದಿನ."

ಕ್ಯಾಲೆಂಡರಿನಲ್ಲಿ ನಾನು ಅಮಾವಾಸ್ಯೆಯ ಕಪ್ಪು ಚುಕ್ಕಿ ನೋಡಿದ್ದೆನೇ ಹೊರತು ಅದರ ಕೆಳಗಿನ ಸಣ್ಣಕ್ಷರ ಓದಿರಲಿಲ್ಲ. ಮೈಯೆಲ್ಲ ಉರಿಯಿತು. ದಿನ ಬದಲಾಯಿಸಲೇಬೇಕೆಂದು ಪಟ್ಟು ಹಿಡಿದೆ. ಮತ್ತೆ ರಜೆ ಸಿಗುವುದಿಲ್ಲ ಎಂದಳು ಮಗಳು. ಹಾಗಾದರೆ ನಾನು ಬರುವುದಿಲ್ಲ, ಒಳ್ಳೆಯ ದಿನ ನೋಡಿ ಮಗಳ ಮದುವೆ ಮಾಡಿದ ಎಂದು ಊರು ಆಡಿಕೊಳ್ಳುವುದು ಬೇಡ ಎಂದೆ.

ಅವಳು ಸಿಟ್ಟಾಗಲಿಲ್ಲ. "ಅಪ್ಪ, ಅವರಪ್ಪ ದಿನಾ ಸಂಗಮದಲ್ಲಿ ಮುಳುಗೆದ್ದು ವಿಭೂತಿ ಇಟ್ಕೊಳ್ಳೋರು. ಆಷಾಢದ ಅಮಾಸೆ ಅಂದಾಗ ಪಂಚಾಂಗ ಮುಚ್ಚಿಟ್ಟು, 'ನೀವು ಚೆನ್ನಾಗಿದ್ರೆ ಸಾಕು, ಬತ್ತೀನಿ ಕಣವ್ವ' ಅಂದ್ರು. ದಿನ ಸರಿ ಇಲ್ಲ ಅಂತ ನನ್ ಮದ್ವೆಗೆ ಬರದೇ ಇರೋನು ಎರಡೂ ಮನೇಲಿ ನೀನೊಬ್ನೇ."

ನಾಚಿಕೆಯಾಯಿತು.

ಗುರುವಾರ ಹೋದೆ. ಸಾಕ್ಷಿ ಸಹಿಗೆ ಮೊದಲು ಬೀಗರನ್ನು ಕರೆದರು. ರಾಹುಕಾಲ ಆಗಲೇ ಶುರುವಾಗಿತ್ತು. ಅವರು ಗೋಡೆ ಗಡಿಯಾರ ನೋಡಿ, ಕಣ್ಣು ಮುಚ್ಚಿ ಏನೋ ಗೊಣಗಿಕೊಂಡು ಸಹಿ ಹಾಕಿದರು. ಆಮೇಲೆ ನಾನು ಹಾಕಿದೆ. ಗಡಿಯಾರ ನೋಡಲಿಲ್ಲ.