ದೊಡ್ಡಮನೆಯವರ ಬಾಗಿಲು

ಚರ್ಚಿನ ಹಳೆಯ ದಾಖಲೆ ಪುಸ್ತಕದ ಎಂಟನೇ ಪುಟದ ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಶಾಯಿ ಗುರುತಿತ್ತು. ಅದರ ಪಕ್ಕದಲ್ಲೇ, ಜರ್ಮನ್ ಭಾಷೆಯಲ್ಲಿ ಒಂದು ನಿಯಮ: ಮುಂಬಾಗಿಲು ದೊಡ್ಡಮನೆಯವರಿಗೆ ಮಾತ್ರ, ತೋಟದ ಆಳುಗಳು ಪಕ್ಕದ ಬಾಗಿಲಿನಿಂದ ಬರತಕ್ಕದ್ದು.

ಓದಿ ಬೆವರಿದೆ. ಯಾಕೆ ಗೊತ್ತೇ? ಎರಡು ವರ್ಷದಿಂದ ನಾವು ನುಗ್ಗುತ್ತಿರುವುದು ಮುಂಬಾಗಿಲಿನಿಂದಲೇ.

ನಾವು ಅಂದರೆ, ಇಲ್ಲಿಗೆ ವಲಸೆ ಬಂದವರು ಮಕ್ಕಳಿಗಾಗಿ ನಡೆಸುವ ಶನಿವಾರದ ಕನ್ನಡ ಕ್ಲಾಸಿನವರು. ಕಾರ್ಲ್ಸ್‌ಬಾಡ್ ಹತ್ತಿರದ ಹಳೆಯ ನಿಂಬೆ ಎಸ್ಟೇಟಿನಲ್ಲಿ ಒಂದು ಪುಟ್ಟ ಲೂಥರನ್ ಚರ್ಚ್ ಇದೆ. ಜರ್ಮನ್ ಮೂಲದ ತೋಟದ ಮಾಲೀಕರೇ ಕಟ್ಟಿಸಿದ್ದು. ತೋಟ ಹೋಯಿತು, ಅವರ ದೊಡ್ಡಮನೆ ಮದುವೆ ಛತ್ರವಾಯಿತು (ಎಸ್ಟೇಟುಗಳ ಗತಿ ಎಲ್ಲೆಡೆ ಇಷ್ಟೇ), ಚರ್ಚ್ ಉಳಿಯಿತು. ಚರ್ಚನ್ನು ಹಾದೇ ಹೋಗಬೇಕಾದ ಅದರ ಹಿಂದಿನ ಹಾಲ್ ಶನಿವಾರ ನಮ್ಮದು.

ಚರ್ಚಿನವರು ಇವತ್ತಿಗೂ ಪಕ್ಕದ ಬಾಗಿಲಿನಿಂದಲೇ ಬರುತ್ತಾರೆ. ಕಾರಣ ಯಾರಿಗೂ ನೆನಪಿಲ್ಲ. ಕ್ಲಾಸ್ ನಡೆಸುವ ಶಾರದಾ ಆಂಟಿ ಮಾತ್ರ ಮೊದಲ ದಿನವೇ ದಿಕ್ಕು ನೋಡಿದ್ದರು. "ಪೂರ್ವದ ಬಾಗಿಲು ಇಟ್ಕೊಂಡು ದಕ್ಷಿಣದಿಂದ ಯಾರಾದ್ರೂ ಅಕ್ಷರಾಭ್ಯಾಸಕ್ಕೆ ಬರ್ತಾರಾ?" ಮುಚ್ಚಿದ್ದ ಮುಂಬಾಗಿಲು ತೆರೆಸಿದರು. ಹೊಸ್ತಿಲಿಗೆ ಅರಿಶಿನ ಕುಂಕುಮವನ್ನೂ ಇಟ್ಟರು!

ಚರ್ಚಿನ ಇತಿಹಾಸವನ್ನು ಒಂದು ಪುಟದಲ್ಲಿ ಬರೆದುಕೊಡು ಎಂದು ನನ್ನನ್ನು ಕೇಳಿದ್ದು ಡೊರೊಥಿ. ಎಂಬತ್ತು ದಾಟಿದ, ಚರ್ಚ್ ಕಮಿಟಿಯ ಹಿರಿಯೆ. ಹಳೆಯ ದಾಖಲೆ ಪುಸ್ತಕವನ್ನು ಓದಬಲ್ಲವಳು ಅಲ್ಲಿ ನಾನೊಬ್ಬಳೇ (ಬೆಂಗಳೂರಿನಲ್ಲಿ ಕಲಿತ ಜರ್ಮನ್ ಕೊನೆಗೂ ಕೆಲಸಕ್ಕೆ ಬಂತು).

ಆ ನಿಯಮದ ಸಂಗತಿ ಆಂಟಿಗೆ ಹೇಳಿದೆ.

"ಆ ಸಾಲು ಬಿಟ್ಬಿಡಮ್ಮ. ಹಾಲ್ ಹೋಗುತ್ತೆ!"

"ಇತಿಹಾಸ, ಆಂಟಿ."

"ಇತಿಹಾಸಕ್ಕೆ ಬೇರೆ ಸಾಲೇ ಇಲ್ವಾ? ಈ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ಸಾಲು ಬಿಟ್ಟು ಬರೆಯುವುದು ನನಗೆ ಬರುವುದಿಲ್ಲ. ಆ ಶನಿವಾರ ಕ್ಲಾಸ್ ಮುಗಿದ ಮೇಲೆ ಡೊರೊಥಿಯ ಕೈಗೆ ಪುಟ ಕೊಟ್ಟೆ. ಅವರು ಕೊನೆಯ ಸಾಲಿನವರೆಗೂ ಓದಿದರು. ಆಂಟಿ ನನ್ನ ಮೊಣಕೈ ಚಿವುಟಿದರು.

"ನನ್ನಜ್ಜ ಇಲ್ಲೇ ನಿಂಬೆಹಣ್ಣು ಕೀಳ್ತಿದ್ದ" ಎಂದರು ಡೊರೊಥಿ, ಇಂಗ್ಲಿಷಿನಲ್ಲಿ. "ನನ್ನ ಮದುವೆಗೂ ನಾನು ಪಕ್ಕದ ಬಾಗಿಲಿಂದಲೇ ಬಂದೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ." ಆಮೇಲೆ ಜೋರಾಗಿ ನಕ್ಕರು. "ನೀವೂ ಕೇಳಲಿಲ್ಲ ಬಿಡಿ. ಸೀದಾ ತೆಗೆದೇಬಿಟ್ಟಿರಿ!"

"ಹಾಗಾದ್ರೆ ಹಾಲ್?" ಆಂಟಿಯ ದನಿ ಇಳಿದಿತ್ತು.

"ಹಾಲ್ ನಿಮ್ಮದೇ. ಆದರೆ ನಾಳೆ ಪ್ರಾರ್ಥನೆಗೂ ಆ ಬಾಗಿಲು ತೆರೆದಿರಬೇಕು."

ಮರುದಿನ, ಭಾನುವಾರದ ನಿದ್ದೆ ಬಿಟ್ಟು ಹೋಗಿ, ಎರಡೂ ಕದಗಳನ್ನು ಅಗಲಕ್ಕೆ ತೆರೆದು ನಿಂತೆ. ಡೊರೊಥಿ ಮೆಟ್ಟಿಲು ಹತ್ತಿ ಬಂದರು. ಹೊಸ್ತಿಲ ಮುಂದೆ ನಿಂತು ನನ್ನನ್ನು ನೋಡಿದರು.

"ನಿಮ್ಮವರು ಯಾವ ಕಾಲು ಮೊದಲು ಇಡ್ತಾರೆ?"

ಬಲಗಾಲು, ಎಂದೆ.