ಅಂಗಾಲು ಹಿಡಿಯುತ್ತಿದ್ದ ಬೈಬಲ್ ಅಕ್ಕೋರು

ಎಸ್ತರಬಾಯಿ ಸಾಯುವವರ ತಲೆಯ ಬಳಿ ಎಂದೂ ಕೂರುತ್ತಿರಲಿಲ್ಲ. ಕಾಟಿನ ಕೊನೆಗೆ ಸ್ಟೂಲು ಎಳೆದುಕೊಂಡು, ಹೊದಿಕೆಯೊಳಗೆ ಎರಡೂ ಕೈ ತೂರಿಸಿ, ಅವರ ಅಂಗಾಲು ಹಿಡಿದು ಕೂರುತ್ತಿದ್ದರು. ಬಿಳಿ ಸೀರೆ, ಸವೆದ ಚಪ್ಪಲಿ, ಕಂಕುಳಲ್ಲಿ ರಟ್ಟು ಕಿತ್ತ ಬೈಬಲ್. ಅದನ್ನು ಅವರು ತೆರೆದದ್ದು ನಾನು ನೋಡಿದ್ದೇ ಕಡಿಮೆ. "ಅಂಜಿಕಿ ಮೊದಲ ಕಾಲಿಗೆ ಬರತೈತಿ, ತಂಗಿ. ಕಾಲು ತಣ್ಣಗಾದ್ವು ಅಂದ್ರ ತಿಳಕೋ, ಮನಶ್ಯಾ ಒಬ್ಬಂಟಿ ಆಗ್ಯಾನ," ಎನ್ನುತ್ತಿದ್ದರು.

ಬೆಳಗಾವಿಯಲ್ಲಿ ಆಗ ಇದ್ದ ಒಂದು ಸಣ್ಣ ಮಿಶನ್ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಅವರು ದಿನವೂ ಬರುತ್ತಿದ್ದರು. ರೋಗಿಗಳ ಜೊತೆ ಕುಳಿತು ಯೇಸುವಿನ ಕಥೆ ಹೇಳುವುದು ಅವರ ಚರ್ಚಿನ ಸಭೆ ಅವರಿಗೆ ಒಪ್ಪಿಸಿದ ಕೆಲಸ. ಎಲ್ಲರಿಗೂ ಅವರು ಬೈಬಲ್ ಅಕ್ಕೋರು. ಎಮರ್ಜೆನ್ಸಿಯ ವರ್ಷ, ನನ್ನ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಎಂದು ಖಾನಾಪುರದಿಂದ ಅಲ್ಲಿಗೆ ಕರೆತಂದಾಗ ನನಗೆ ಇಪ್ಪತ್ತಮೂರು. ತಹಶೀಲ್ದಾರ್ ಕಚೇರಿಯಲ್ಲಿ ಹೊಸದಾಗಿ ಗುಮಾಸ್ತೆಯಾಗಿದ್ದೆ. ರಜೆ ಹಾಕಿ ಅವ್ವನ ಕಾಟಿನ ಪಕ್ಕ ಚಾಪೆ ಹಾಸಿದ್ದೆ. ನಾವು ಲಿಂಗವಂತರು. ನನ್ನ ನಾಲಿಗೆಯೋ ಮೊದಲಿನಿಂದಲೂ ಖಾರ. ಅಕ್ಕೋರು ಮೊದಲ ದಿನ ಹತ್ತಿರ ಬಂದಾಗಲೇ ಹೇಳಿಬಿಟ್ಟೆ: "ನಮ್ಮನ್ನ ನಿಮ್ಮ ಧರ್ಮಕ್ಕ ಸೇರಸೂ ವಿಚಾರ ಇದ್ರ, ಹಂಗ ಹೊಳ್ಳಿ ಹೋಗ್ರಿ."

ಅವರು ನಕ್ಕರು. "ನಿಮ್ಮವ್ವನ ಲಿಂಗ ನಿಮ್ಮವ್ವನ ಕೊಳ್ಳಾಗ ಇರಲಿ. ನನಗ ಕಾಲಷ್ಟ ಸಾಕು."

ಅವ್ವ ಗಡಬಡಿಸಿ ಕಾಲು ಮಡಚಿಕೊಂಡಳು. "ಅಯ್ಯ, ಹಿರ್ಯಾರು ನೀವು, ಕಾಲ ಮುಟ್ಟಬ್ಯಾಡ್ರಿ!" ಎರಡು ದಿನ ಹಾಗೇ ಮಡಚಿಕೊಂಡಳು. ಮೂರನೆಯ ದಿನ ತಾನೇ ಚಾಚಿದಳು.

ಬಾಜೂ ಕಾಟಿನಲ್ಲಿ ಗೌರವ್ವ ಎಂಬ ಹೆಂಗಸಿದ್ದಳು, ಖಾನಾಪುರದ ಆಚೆಯ ಹಳ್ಳಿಯವಳು. ಕುರಿ ಕಾಯುವ ಮನೆತನ, ಎರಡು ಸಣ್ಣ ಮಕ್ಕಳು. ಒಂದು ಮಧ್ಯಾಹ್ನ ತಾನು ಉಳಿಯುವುದಿಲ್ಲ ಎಂಬುದು ಅವಳಿಗೆ ತಿಳಿದುಬಿಟ್ಟಿತು. "ನನಗ ಅಂಜಿಕಿ ಬರಾಕತ್ತೈತಿ, ಅಂಜಿಕಿ ಬರಾಕತ್ತೈತಿ," ಎಂದು ಕಿರುಚತೊಡಗಿದಳು. ನರ್ಸು, ಅವಳ ಅತ್ತೆ, ನಾನು, ಎಲ್ಲರೂ ಧೈರ್ಯ ತಗೋ, ದೇವರು ಅದಾನ ಎಂದೆವು. ಹೇಳಿದಷ್ಟೂ ಕಿರುಚಾಟ ಹೆಚ್ಚಿತು. ಆಗ ಅಕ್ಕೋರು ಬಂದು ಅವಳ ಅಂಗಾಲು ಹಿಡಿದರು.

"ಅಂಜವ್ವಾ, ಅಂಜು. ಅಂಜಿದ್ರ ತಪ್ಪಿಲ್ಲ. ನಮ್ಮ ದೇವರೂ ಅಂಜಿದ್ದ."

ಗೌರವ್ವ ಕಿರುಚುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. "ದೇವರಾಗಿ?"

"ದೇವರಾಗೇ. ಮುಂಜಾನೆದ್ದು ತನ್ನ ಕೊಲ್ತಾರ ಅಂತ ಯೇಸುಗ ಗೊತ್ತಿತ್ತು. ತೋಟದಾಗ ಮಣಕಾಲೂರಿ, 'ಅಪ್ಪಾ, ಆಗೂದಾದ್ರ ಇದನ್ನ ತಪ್ಪಸು' ಅಂತ ಬೇಡಕೊಂಡ. ಮೈಯಿಂದ ಬೆವರು ರಕ್ತದಂಗ ಇಳೀತು. ಸಂಗಡ ಇದ್ದವರಿಗೆ 'ಎಚ್ಚರಿರ್ರಿ' ಅಂದ, ಅವ್ರು ಮಲಗಿಬಿಟ್ರು. ನಾ ಮಲಗೂದಿಲ್ಲ. ನೀ ಅಂಜು."

ಗೌರವ್ವ ಅತ್ತಳು. ಆದರೆ ಮತ್ತೆ ಕಿರುಚಲಿಲ್ಲ. ಸಂಜೆ ದೀಪ ಹಚ್ಚುವ ಮೊದಲೇ ಹೋದಳು. ಅವ್ವ ಮುಖ ಆ ಕಡೆ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನನ್ನ ಪಾಳಿ ಬಂದಾಗ ಅಕ್ಕೋರನ್ನ ಕರಿ. ಆ ಮಾತು ನನಗೂ ಹೇಳಸು," ಎಂದಳು.

"ಸುಮ್ಮನಿರವ್ವಾ, ಏನೇನರ ಮಾತಾಡಬ್ಯಾಡ," ಎಂದು ಗದರಿದೆ.

"ಕರೀತೇನಿ ಅನ್ನು." ಕರೆಯುತ್ತೇನೆ ಎಂದೆ.

ಗೌರವ್ವನಿಗೆ ಹೇಳಿದ ಮಾತು ವಾರ್ಡಿನಿಂದ ಸಭೆಯವರ ಕಿವಿಗೆ ಹೋಯಿತು. ವಾರದೊಳಗೆ ಪಾಸ್ಟರು, ಅವರೊಂದಿಗೆ ಸಭೆಯ ಹಿರಿಯರೊಬ್ಬರು ಬಂದು ಅಕ್ಕೋರನ್ನು ವರಾಂಡಕ್ಕೆ ಕರೆದರು. ನಾನು ಬಾಗಿಲ ಬಳಿಯೇ ಅವ್ವನ ಸೀರೆ ಹಿಂಡುತ್ತಿದ್ದೆ. ಪಾಸ್ಟರು ಕೆಟ್ಟವರಲ್ಲ, ದನಿಯನ್ನೂ ಏರಿಸಲಿಲ್ಲ.

"ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಅಕ್ಕೋರ. ತೋಟದಾಗ ಅಂಜಿದ್ದು ಅವರ ಮನುಷ್ಯ ಸ್ವಭಾವ. ದೈವ ಸ್ವಭಾವಕ್ಕ ಅಂಜಿಕಿ ಇಲ್ಲ, ಸಾವೂ ಇಲ್ಲ. ದೇವರೇ ಅಂಜಿದ ಅಂದ್ರ ಎರಡನ್ನೂ ಕಲಸಿಬಿಟ್ಟಂಗ ಆಗತೈತಿ."

"ಇದ್ದಾಂವ ಒಬ್ಬಾಂವನ ಅಲ್ರಿ? ಅರ್ಧಾ ಮೈಗೆ ಅಂಜಿಕಿ ಬರತೈತೇನ್ರಿ? ಎಷ್ಟ ಮಂದಿ ಕಾಲ ಹಿಡದೇನಿ ನಾ. ಬಂದ್ರ ಇಡೀ ಮನಶ್ಯಾಗ ಬರತೈತಿ."

"ತಂದೆ, ಮಗ, ಪವಿತ್ರಾತ್ಮ ಅಂತ ಮೂವರು, ಆದ್ರ ದೇವರು ಒಬ್ಬನ. ತಂದೀದು, ಮಗಂದು ದೈವತ್ವ ಒಂದ. ಅದು ನಡುಗಿತು ಅಂದ್ರ ತಂದೀನೂ ನಡುಗಿದ ಅಂದಂಗಾತು."

"ನಡುಗಿರಬೇಕ್ರಿ. ಮಗ ಹಂಗ ಅಳೂ ಮುಂದ ಬಾಜೂ ಮನಿಯವರಂಗ ಸುಮ್ಮನ ಕುಂತಿದ್ನೇನು?"

ಸಭೆಯ ಹಿರಿಯರು ಸಿಡುಕಿದರು. "ಬ್ಯಾರೆ ಮಂದಿ ಮುಂದ ನಮ್ಮ ದೇವರು ಅಂಜುಬುರುಕ ಅಂತ ಸಾರಾಕತ್ತೀರಿ! ನಾಳೆ ಬಜಾರದಾಗ ನಗ್ತಾರ." ಅಷ್ಟರಲ್ಲಿ ಅವ್ವ ನೀರು ಕೇಳಿದಳು, ಒಳಗೆ ಹೋದೆ. ಅಕ್ಕೋರ ಜವಾಬಿಗೆ ಮನಸ್ಸಿನಲ್ಲೇ ಭಲೇ ಎಂದುಕೊಂಡಿದ್ದೆ. ಮುಂದೇನಾಯಿತೆಂದು ಕೇಳಲಿಲ್ಲ.

ಹತ್ತು ದಿನಕ್ಕೆ ಅವ್ವನ ಪಾಳಿ ಬಂತು. ಮಧ್ಯಾಹ್ನ ಮೂರರ ಸುಮಾರು. ಅವಳ ಎಡಗೈಯಲ್ಲಿ ಲಿಂಗವಿತ್ತು, ಬೆರಳು ಬಿಳಿಚಿದ್ದವು. ಓಡಿಹೋಗಿ ಅಕ್ಕೋರನ್ನು ಕರೆತಂದೆ. ಅವರು ಕುಳಿತು ಅಂಗಾಲು ಹಿಡಿದರು.

"ಅಕ್ಕೋರ," ಅವ್ವನ ದನಿ ಗೊರಗೊರ ಎನ್ನುತ್ತಿತ್ತು. "ಗೌರವ್ವಗ ಹೇಳಿದ್ರಲ್ಲ... ಅದನ್ನ ಹೇಳ್ರಿ."

ಅಕ್ಕೋರು ತಲೆ ತಗ್ಗಿಸಿದರು.

"ಹೇಳ್ರಿ," ಎಂದೆ ನಾನು. ಹೇಳಲಿಲ್ಲ. ಅವರ ತುಟಿ ಒಮ್ಮೆ ಬಿಚ್ಚಿ ಮುಚ್ಚಿಕೊಂಡದ್ದನ್ನು ಕಣ್ಣಾರೆ ಕಂಡೆ. ಅವ್ವ ಅವರ ಬಾಯಿಯನ್ನೇ ನೋಡುತ್ತ ಇದ್ದಳು. ಹಾಗೆ ನೋಡುತ್ತಲೇ ಹೋದಳು. ಆ ಕಣ್ಣು ನಾನೇ ಮುಚ್ಚಬೇಕಾಯಿತು.

ವರಾಂಡದಲ್ಲಿ ಅವರ ತೋಳು ಹಿಡಿದು ಜಗ್ಗಿದೆ. "ಯಾಕ ಹೇಳಲಿಲ್ಲ?"

"ಇನ್ನ ಹಂಗ ಹೇಳೂದಿಲ್ಲ ಅಂತ ಕಾಗದದ ಮ್ಯಾಲ ಸಹಿ ಮಾಡೀನಿ, ತಂಗಿ. ಇಲ್ಲಂದ್ರ ವಾರ್ಡಿಗೆ ಬಿಡೂದಿಲ್ಲ ಅಂದ್ರು ಸಭಾದವರು. ಮಾತು ಹೋದ್ರೂ ಕಾಲಾದ್ರೂ ಹಿಡೀಬಹುದು ಅಂತ..."

"ನಿಮ್ಮ ಸಹಿಗಿ ಬೆಂಕಿ ಹತ್ತಲಿ!" ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ.

ಒಂಬತ್ತು ವರ್ಷ ಆ ಸಿಟ್ಟನ್ನು ಸಾಕಿದೆ. ಕಚೇರಿಯಲ್ಲಿ ದಿನವೂ ಜನರ ಸಹಿ ನೋಡುವ ಕೆಲಸ ನನ್ನದು, ನೋಡಿದಾಗೆಲ್ಲ ನೆನಪಾಗುತ್ತಿತ್ತು. ಒಮ್ಮೆ ಖಾನಾಪುರ ಸ್ಟೇಶನ್ನಿನಲ್ಲಿ ಅಕ್ಕೋರು ಎದುರಾಗಿ "ತಂಗಿ, ಆರಾಮೇನು?" ಎಂದರು. ಮುಖ ತಿರುಗಿಸಿ ಮುಂದಿನ ಡಬ್ಬಿ ಹತ್ತಿದೆ. ರೈಲು ಹೊರಟ ಮೇಲೆ ಒಂದು ವಿಚಾರ ಬಂದು ಎದೆಯಲ್ಲಿ ಕೂತಿತು. ಆ ಮಾತು ನನಗೂ ಗೊತ್ತಿತ್ತಲ್ಲ? ಗೌರವ್ವನಿಗೆ ಹೇಳಿದ್ದನ್ನು ಅಕ್ಷರ ಬಿಡದೆ ಕೇಳಿಸಿಕೊಂಡವಳು ನಾನು. ಅವ್ವನ ಕಿವಿಯಲ್ಲಿ ನಾನೇ ಹೇಳಬಹುದಿತ್ತು. ಅದು ನಮ್ಮ ದೇವರ ಕಥೆಯಲ್ಲ, ನಾನ್ಯಾಕೆ ಹೇಳಲಿ ಎಂದು ಬಾಯಿ ಬಿಗಿಹಿಡಿದಿದ್ದೆ. ಅವರು ಸಹಿ ಮಾಡಿ ಸುಮ್ಮನಾಗಿದ್ದರು, ನಾನು ಸಹಿ ಮಾಡದೆಯೇ ಸುಮ್ಮನಾಗಿದ್ದೆ. ಇದು ತಿಳಿದ ಮೇಲೂ ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಕೊನೆಗೆ ಅವರ ತಮ್ಮನೇ ಕಚೇರಿಗೆ ಬಂದ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಅವನಿಗೆ. "ಅಕ್ಕ ನಮ್ಮ ಮನ್ಯಾಗ ಅದಾಳ್ರಿ, ನಿಮ್ಮನ್ನ ನೆನಸ್ತಾಳ. ಇನ್ನೆರಡ ದಿನ ಅಂದಾರ ಡಾಕ್ಟರು. ಭಾಳ ಅಂಜಾಕತ್ತಾಳ. ಪಾಸ್ಟರು ಬಂದು ಪ್ರಾರ್ಥನಾ ಮಾಡಿದ್ರು, ಕೇಳವಲ್ಲಳು. ಎಷ್ಟ ಮಂದಿಗಿ ಧೈರ್ಯ ಹೇಳಿದಾಕಿ ನೀ, ಹಿಂಗ ಮಾಡಿದ್ರ ಹೆಂಗ ಅಂತ ನಾವೂ ಹೇಳಿ ಹೇಳಿ ಸಾಕಾತ್ರಿ."

ಅರ್ಜಿಗಳನ್ನು ಹಾಗೇ ಬಿಟ್ಟು ಎದ್ದೆ. ಮನೆಯ ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದರು, ಗುರುತು ಸಿಗದಷ್ಟು ಬತ್ತಿದ್ದರು. ತಲೆಯ ಬಳಿ ಇಬ್ಬರು ಹೆಂಗಸರು ಕುಳಿತು ಧೈರ್ಯ ಹೇಳುತ್ತಿದ್ದರು. ನಾನು ಕಾಲ ಬಳಿ ಕುಳಿತು ಹೊದಿಕೆಯೊಳಗೆ ಕೈ ಹಾಕಿದೆ. ಅಂಗಾಲು ತಣ್ಣಗೆ ಕೊರೆಯುತ್ತಿತ್ತು.

"ಯಾರು?" ಎಂದರು. ಹೇಳಿದೆ.

"ನಿಮ್ಮವ್ವಗ ನಾ ಹೇಳಲಿಲ್ಲ."

"ನಾನೂ ಹೇಳಲಿಲ್ರಿ, ಅಕ್ಕೋರ."

ಅವರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. "ತಂಗಿ, ನನಗ ಅಂಜಿಕಿ ಬರಾಕತ್ತೈತಿ."

"ಅಂಜ್ರಿ. ಅಂಜಿದ್ರ ತಪ್ಪಿಲ್ಲ. ನಿಮ್ಮ..."

"ಬ್ಯಾಡ," ಎಂದು ಕಾಲು ಎಳೆದುಕೊಳ್ಳಲು ನೋಡಿದರು. "ಸಹಿ ಮಾಡೀನಿ."

"ಸಹಿ ಮಾಡಿದವ್ರು ನೀವು. ನಾ ಎಲ್ಲಿ ಮಾಡೀನಿ?" ಎಂದೆ. ತಲೆಯ ಬಳಿಯ ಹೆಂಗಸರು ನನ್ನನ್ನು ದುರುಗುಟ್ಟಿ ನೋಡಿದರು. ನೋಡಲಿ. "ನಿಮ್ಮ ದೇವರೂ ಅಂಜಿದ್ದ, ಅಕ್ಕೋರ."

ಅವರು ಕಣ್ಣು ನನ್ನತ್ತ ಹೊರಳಿಸಿದರು. ತಾವು ಅದನ್ನು ಎಂದೂ ಕೇಳಿಯೇ ಇಲ್ಲವೆಂಬಂತೆ, ಕೇಳಿದರು:

"ದೇವರಾಗಿ?"

"ದೇವರಾಗೇ," ಎಂದೆ.

ಅಂಗಾಲು ಬೆಚ್ಚಗಾಗಲಿಲ್ಲ. ಆದರೆ ಅವರು ಮತ್ತೆ ಕಾಲು ಎಳೆದುಕೊಳ್ಳಲಿಲ್ಲ, ಮುಗಿಯುವವರೆಗೂ ನಾನು ಕೈ ಬಿಡಲಿಲ್ಲ.