ನೂರು ಕಳೆದು ಬರೆಯುವ ವರ್ಜಿಲ್

ಓಹಾಯೋದ ಹ್ಯಾಮಿಲ್ಟನ್ನಿನಲ್ಲಿ ಹಳೆಯ ಮಸಲ್ ಕಾರು, ಅಂದರೆ ದೊಡ್ಡ ಇಂಜಿನ್ನಿನ ವೇಗದ ಕಾರು, ಇಟ್ಟುಕೊಂಡ ಗಂಡಸರೆಲ್ಲ ಸುಳ್ಳುಗಾರರು. ಕೋಪದಿಂದ ಹೇಳುತ್ತಿಲ್ಲ, ನಾನೂ ಅವರಲ್ಲೊಬ್ಬ. ಹೆಂಡತಿಯ ಹತ್ತಿರ, ಪಾದ್ರಿಯ ಹತ್ತಿರ ನಿಜ ನುಡಿಯುವವನು ಕೂಡ ‘ನಿನ್ನ ಇಂಜಿನ್ ಎಷ್ಟು ಹಾರ್ಸ್‌ಪವರ್’ ಎಂದು ಕೇಳಿದರೆ ಎದೆಯುಬ್ಬಿಸಿ ಒಂದು ನೂರು ಸೇರಿಸಿಯೇ ಹೇಳುತ್ತಾನೆ.

ಇದನ್ನು ನಮಗಿಂತ ಚೆನ್ನಾಗಿ ಬಲ್ಲವನು ವರ್ಜಿಲ್ ಸ್ಟ್ಯಾಂಪರ್. ನಾನು ಹಳೆಯ ಇಂಜಿನ್ನುಗಳನ್ನು ಕೊರೆದು ಸರಿಮಾಡುತ್ತಿದ್ದ ಶೆಡ್ಡಿನ ಮುಂಭಾಗದಲ್ಲೇ ಅವನ ಅಂಗಡಿ. ಫ್ಯುಯೆಲ್ ಪಂಪು, ಪೈಪು, ಫಿಲ್ಟರು, ಅಂದರೆ ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಏನೇನು ಇರುತ್ತದೋ ಅಷ್ಟೇ ಅವನ ಪ್ರಪಂಚ. ಹತ್ತೊಂಬತ್ತನೆಯ ವಯಸ್ಸಿಗೆ ಕೆಂಟಕಿಯ ಬೆಟ್ಟದಿಂದ ಇಳಿದು ಬಂದವನು, ಅರವತ್ತಾರಾದರೂ ಮಧ್ಯಾಹ್ನಕ್ಕೆ ತಗಡಿನ ಡಬ್ಬಿಯಲ್ಲಿ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿಯೇ ಆಗಬೇಕು. ಕೆಲಸ ಮಾಡುತ್ತ ಚರ್ಚಿನ ಹಾಡು ಗುನುಗುತ್ತಿದ್ದ, ರಾಗ ಮಾತ್ರ ಯಾವತ್ತೂ ಕೂಡುತ್ತಿರಲಿಲ್ಲ. ನನಗೆ ಅವನೆಂದರೆ ಪ್ರಾಣ.

ಶನಿವಾರ ಬೆಳಿಗ್ಗೆ ಕೌಂಟರಿನ ಮುಂದೆ ಕಾಫಿ, ಡೋನಟ್ಟು ಹಿಡಿದು ಐದಾರು ಜನ ನಿಲ್ಲುತ್ತಿದ್ದರು. ಅವರಲ್ಲಿ ಮುಂದಾಳು ಡೆಲ್ಬರ್ಟ್ ಫುಗೇಟ್, ಕಾಗದದ ಕಾರ್ಖಾನೆಯ ದೊಡ್ಡ ಆಳು, ದೊಡ್ಡ ಬಾಯಿ.

“ಇರೋದ್ರಲ್ಲೇ ದೊಡ್ಡ ಪಂಪ್ ಕೊಡು ಮುದುಕಪ್ಪಾ.”

“ಪಂಪ್ ದೊಡ್ಡದು ಹಾಕಿ ಪೈಪ್ ಹಳೇದೇ ಬಿಟ್ರೆ ಏನ್ ಬಂತೋ? ಸಣ್ಣ ಸ್ಟ್ರಾದಲ್ಲಿ ಗಟ್ಟಿ ಮಿಲ್ಕ್‌ಶೇಕ್ ಹೀರ್ದಂಗಾಗತ್ತೆ. ಕೆನ್ನೆ ನೋಯತ್ತೆ, ಬಾಯಿಗೇನೂ ಬರಲ್ಲ. ಎಷ್ಟು ಹಾರ್ಸ್‌ಪವರ್, ಅದನ್ ಹೇಳು ಮೊದ್ಲು.”

“ನಾನೂರ ಎಂಬತ್ತು!”

ವರ್ಜಿಲ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಪುಸ್ತಕವನ್ನು ತನ್ನ ಕಡೆಗೆ ವಾಲಿಸಿಕೊಂಡು, ಮುನ್ನೂರ ಎಂಬತ್ತು ಎಂದು ಬರೆಯುತ್ತಿದ್ದ. ಪಂಪು, ಪೈಪು ಕೊಡುತ್ತಿದ್ದದ್ದು ಆ ಲೆಕ್ಕಕ್ಕೆ. ಬಾಯಿಮಾತು ನಂಬಿ ಜಾಸ್ತಿ ಒತ್ತಡದ ಪಂಪ್ ಕೊಟ್ಟರೆ ಕಾರ್ಬುರೇಟರ್ ತಡೆಯಲಾರದೆ ಉಕ್ಕುತ್ತದೆ. ಕಾದ ಇಂಜಿನ್ನಿನ ಮೇಲೆ ಪೆಟ್ರೋಲ್ ಚೆಲ್ಲಿದರೆ ಮುಂದೇನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಮೂವತ್ತು ವರ್ಷ ಹೀಗೆ ನೂರು ಕಳೆದು ಎಷ್ಟು ಕಾರು ಉಳಿಸಿದನೋ, ಎಷ್ಟು ಹುಬ್ಬು ಉಳಿಸಿದನೋ! ಯಾರಿಗೂ ಹೇಳಲಿಲ್ಲ. ಹಿಂದಿನಿಂದ ಪುಸ್ತಕ ಕಾಣುತ್ತಿದ್ದ ನನಗೆ ಮಾತ್ರ ಗೊತ್ತಿತ್ತು.

ತೊಂಬತ್ತೊಂದರ ವಸಂತದಲ್ಲಿ ಒಪಲ್ ಟ್ಯಾಕೆಟ್ ಬಂದಳು. ಸ್ಕೂಲ್ ಬಸ್ ಓಡಿಸುವವಳು, ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ತನ್ನ ಅರವತ್ತೆಂಟರ ಪಾಂಟಿಯಾಕ್ ಕಾರಿನ ಇಂಜಿನ್ನನ್ನು ಎರಡು ಚಳಿಗಾಲ ಕೂತು ತಾನೇ ಕಟ್ಟಿದ್ದಳು. ಕಾಲು ಮೈಲಿ ಟ್ರ್ಯಾಕಿನಲ್ಲಿ ಕಾರು ಓಡಿಸಲು ನಮ್ಮ ರೇಸ್ ಕ್ಲಬ್ಬಿಗೆ ಸೇರಿದ ಮೊದಲ ಹೆಂಗಸು ಅವಳೇ.

“ನಾನೂರ ಇಪ್ಪತ್ತು,” ಎಂದಳು, ವರ್ಜಿಲ್ ಕೇಳಿದ್ದಕ್ಕೆ.

ಅವನ ಕೈ ತಾನಾಗಿಯೇ ಮುನ್ನೂರ ಇಪ್ಪತ್ತು ಬರೆಯಿತು. “ಹಳೇ ಪೈಪೇ ಸಾಕು ಕಣಮ್ಮ. ಪಂಪ್ ಒಂದು ಸ್ವಲ್ಪ ಒಳ್ಳೇದು ಹಾಕ್ಕೋ.”

“ಅಷ್ಟು ಸಣ್ಣ ಪೈಪು ಸಾಕಾ ಮಿಸ್ಟರ್ ಸ್ಟ್ಯಾಂಪರ್? ಖಂಡಿತಾ?”

“ಖಂಡಿತಾ.”

ಅವಳು ನಂಬಿ ಹೋದಳು. ಅವಳ ಇಂಜಿನ್ನಿನ ಹೆಡ್ ಕೊರೆದವನು ನಾನೇ, ಆ ಲೆಕ್ಕ ನಿಜವಿರಬಹುದೆಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇಂಜಿನ್ನಿನ ವಿಷಯದಲ್ಲಿ ನಿಜ ಹೇಳುವವರನ್ನು ನಾವು ಕಂಡೇ ಇರಲಿಲ್ಲವಲ್ಲ.

ಜುಲೈ ಓಟದಲ್ಲಿ ಒಪಲ್ ಡೆಲ್ಬರ್ಟನ ಪಕ್ಕದಲ್ಲಿ ಹೊರಟಳು. ಅರ್ಧ ದಾರಿವರೆಗೂ ಅವನಿಗಿಂತ ಒಂದು ಕಾರಿನುದ್ದ ಮುಂದಿದ್ದಳು. ಮೂರನೇ ಗೇರಿಗೆ ಬಿದ್ದ ಮೇಲೆ ಇಂಜಿನ್ ಕೆಮ್ಮಿತು, ಬಿಳಿ ಹೊಗೆ ಕಕ್ಕಿತು, ನಿಂತಿತು.

ಮುಂದಿನ ಶನಿವಾರ ಕೌಂಟರಿನಲ್ಲಿ ಬೇರೆ ಮಾತೇ ಇಲ್ಲ.

“ಗೇರ್ ತಪ್ಪಿಸಿದ್ಲು ಅಷ್ಟೇ,” ಎಂದ ಡೆಲ್ಬರ್ಟ್. “ಬಸ್ ಓಡ್ಸೋರು ಬಸ್ ಓಡ್ಸ್ಕೊಂಡಿರ್ಬೇಕಪ್ಪ. ನಾಳೆ ನನ್ ಮೇಲೇ ಬಂದು ಗುದ್ದಿದ್ರೆ? ಸೋಮವಾರ ಕ್ಲಬ್ಬಲ್ಲಿ ಕೈ ಎತ್ತಿಸಿ ಅವಳ ಹೆಸರು ತೆಗ್ಸೋದೇ ಸರಿ.”

ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಒಪಲ್ ಒಳಗೆ ಬಂದಳು. ಕೊನೆಯ ಮಾತು ಅವಳ ಕಿವಿಗೆ ಬಿದ್ದಿತ್ತು, ಮುಖ ಬಿಳಿಚಿತ್ತು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಪಿಸ್ಟನ್ನನ್ನು ವರ್ಜಿಲನ ಮುಂದಿಟ್ಟಳು.

“ಗೇರ್ ತಪ್ಪಿಸಿಲ್ಲ ನಾನು. ಮತ್ತೇನು ತಪ್ಪು ಮಾಡ್ದೆ ಅಂತ ನೀವಾದ್ರೂ ಹೇಳಿ.”

ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅಂಚೆಲ್ಲ ಕರಗಿತ್ತು. ಪೆಟ್ರೋಲ್ ಸಾಲದೆ ಇಂಜಿನ್ ಕಾದು ಕಾದು ತನ್ನನ್ನೇ ಸುಟ್ಟುಕೊಂಡ ಗುರುತು ಅದು. ವರ್ಜಿಲ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಪುಸ್ತಕ ತೆಗೆದು ಅವಳ ಹಾಳೆ ಹುಡುಕಿದ. ಕಿವಿಯ ತುದಿ ಕೆಂಪಾಯಿತು.

ಅವನು ಸುಮ್ಮನಿರಬಹುದಿತ್ತು. ಹಳೇ ಪಿಸ್ಟನ್ನು, ನಸೀಬು ಖೋಟಾ ಎಂದು ಏನಾದರೊಂದು ಹೇಳಿದ್ದರೆ ಅಲ್ಲಿ ಕೇಳುವವರಿರಲಿಲ್ಲ. ನಿಜ ಹೇಳಬೇಕೆಂದರೆ ಎದುರಿಗಿದ್ದ ಆರೂ ಗಿರಾಕಿಗಳನ್ನು ಸುಳ್ಳುಗಾರರೆಂದು ಕರೆಯಬೇಕಿತ್ತು.

“ನೀನೇನೂ ತಪ್ಪು ಮಾಡಿಲ್ಲಮ್ಮ,” ಎಂದ. ಧ್ವನಿ ಗಟ್ಟಿಯಾಗಿಯೇ ಇತ್ತು. “ತಪ್ಪು ನಂದು. ಈ ಗಂಡಸರು ಬಾಯಿಗೆ ಬಂದದ್ದು ಹೇಳ್ತಾರೆ, ನಾನು ನೂರು ಕಳ್ದು ಬರ್ಕೋತೀನಿ. ಮೂವತ್ತು ವರ್ಷದಿಂದ ಹಂಗೇ ಬದುಕಿದೀನಿ. ನೀನು ನಿಜ ಹೇಳ್ದೆ, ನಿನ್ನದ್ರಲ್ಲೂ ಕಳ್ದುಬಿಟ್ಟೆ. ನಿನ್ ಇಂಜಿನ್ನನ್ನ ಉಪವಾಸ ಕೆಡವಿದೋನು ನಾನು.”

ಡೆಲ್ಬರ್ಟನ ಡೋನಟ್ಟು ಬಾಯಿಯ ಹತ್ತಿರವೇ ನಿಂತಿತು. “ಅಂದ್ರೆ ನಾವೆಲ್ಲ ಸುಳ್ ಹೇಳ್ತೀವಿ ಅಂತೀಯಾ?”

“ಅಂತೀನಿ. ನಿಂದು ಮುನ್ನೂರ ಎಂಬತ್ತು ಡೆಲ್ಬರ್ಟ್. ಅದಕ್ಕೆ ಎಷ್ಟು ಬೇಕೋ ಅಷ್ಟೇ ಪೈಪು ಹನ್ನೆರಡು ವರ್ಷದಿಂದ ನಿನ್ ಕಾರಲ್ಲಿದೆ. ಚೆನ್ನಾಗೇ ಓಡ್ತಿದೆ ಅಲ್ವಾ?”

ಡೆಲ್ಬರ್ಟ್ ಡೋನಟ್ಟನ್ನು ಕೌಂಟರಿನ ಮೇಲಿಟ್ಟು ಹೊರಟುಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಸೋಮವಾರ ಕ್ಲಬ್ಬಿನಲ್ಲಿ ಒಪಲ್‌ಳ ಹೆಸರು ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಆ ನೂರರ ವಿಷಯವೂ ಜೊತೆಗೇ ಮೇಲೆ ಬರುತ್ತಿತ್ತು.

ವರ್ಜಿಲನ ಅಂಗಡಿ ಮಾತ್ರ ಮೂರು ವಾರ ಬಿಕೋ ಎಂದಿತು. ಶನಿವಾರ ಅವನು ಅಭ್ಯಾಸದಂತೆ ಒಂದು ಡಜನ್ ಡೋನಟ್ಟು ತರುತ್ತಿದ್ದ, ನಾವಿಬ್ಬರೇ ತಿನ್ನುತ್ತಿದ್ದೆವು. ಹಾಡು ಗುನುಗುವುದನ್ನು ನಿಲ್ಲಿಸಿದ್ದ. ಆ ಬೇಸುರ ಕೇಳದೆ ನನಗೆ ಕೆಲಸವೇ ಸಾಗುತ್ತಿರಲಿಲ್ಲ.

ನಾಲ್ಕನೇ ಶನಿವಾರ ಹೊಸ ಪಿಸ್ಟನ್ ಕೂರಿಸಿದ ಪಾಂಟಿಯಾಕನ್ನು ಒಪಲ್ ಶೆಡ್ಡಿನೊಳಗೆ ತಂದು ನಿಲ್ಲಿಸಿದಳು. ಅವಳಿಗೆ ಪೈಪ್ ಬಗ್ಗಿಸಲು ಬರುತ್ತಿತ್ತು, ನನಗೂ ಬರುತ್ತಿತ್ತು. ವರ್ಜಿಲ್ ಇಬ್ಬರಿಗೂ ಬಿಡಲಿಲ್ಲ. ಹಾಳಾದ ಮಂಡಿಗಳನ್ನು ಬೈಯುತ್ತ ಅಂಗಾತ ಮಲಗಿ ಕಾರಿನಡಿಗೆ ಜಾರಿದ. ಹಳೆಯದಕ್ಕಿಂತ ದಪ್ಪದ, ಇಂಚಿನ ಎಂಟರಲ್ಲಿ ಮೂರು ಭಾಗದ ಹೊಸ ಪೈಪನ್ನು ಸೈಲೆನ್ಸರಿನ ಬಿಸಿ ತಾಗದಂತೆ ದೂರದಿಂದ ಬಳಸಿ ತಂದ. ಟ್ಯಾಂಕಿನೊಳಗೆ ಹೀರುವ ಕೊಳವೆಯನ್ನೂ ಬದಲಿಸಿದ. ಅದೊಂದು ಸಣ್ಣದುಳಿದರೆ ಮುಂದೆ ಎಷ್ಟು ದಪ್ಪ ಪೈಪ್ ಹಾಕಿದರೂ ದಂಡ ಎಂದು ನನಗೆ, ಇಪ್ಪತ್ತು ವರ್ಷದ ಕಸುಬಿನವನಿಗೆ, ಪಾಠ ಹೇಳಿದ. ಪಂಪನ್ನು ಹಿಂದೆ, ಟ್ಯಾಂಕಿನ ಪಕ್ಕಕ್ಕೆ ಕೂರಿಸಿದ. ಕಾರು ಮುಂದಕ್ಕೆ ಜಿಗಿದಾಗ ಪೆಟ್ರೋಲ್ ಹಿಂದಕ್ಕೇ ಉಳಿಯಲು ನೋಡುತ್ತದೆ, ಮುಂದಿನಿಂದ ಎಳೆಯುವುದಕ್ಕಿಂತ ಹಿಂದಿನಿಂದ ನೂಕುವುದು ವಾಸಿ ಎಂಬುದು ಅವನ ಹಳೆಯ ವಾದ.

ಒಪಲ್ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಅವನ ಬೂಟುಗಳಷ್ಟೇ ಕಾಣುತ್ತಿದ್ದವು.

“ಒಪಲ್,” ಎಂದ ಕಾರಿನಡಿಯಿಂದ. “ಡೇಟನ್ ಊರಲ್ಲಿ ಒಳ್ಳೊಳ್ಳೆ ಕೆಲಸಗಾರರಿದಾರೆ. ಅವರ ಹತ್ರ ಹೋಗ್ಬಹುದಿತ್ತು ನೀನು.”

“ಇದಾರೆ,” ಎಂದಳು ಒಪಲ್. “ಆದ್ರೆ ನಾನು ಹೇಳಿದ್ದು ನಿಜ ಅಂತ ಅಷ್ಟು ಜನದ ಎದುರಿಗೆ ಹೇಳ್ದೋರು ಅವರಲ್ಲಿ ಯಾರೂ ಇಲ್ಲ, ಮಿಸ್ಟರ್ ಸ್ಟ್ಯಾಂಪರ್.”

ಕಾರಿನಡಿಯಿಂದ ಗ್ರೀಸು ಮೆತ್ತಿದ ಕೈಯೊಂದು ಹೊರಗೆ ಬಂತು.

“ಆ ಸಣ್ಣ ಸ್ಪ್ಯಾನರ್ ಕೊಡಮ್ಮ,” ಎಂದ. ಸ್ಪ್ಯಾನರ್ ಕೈಗೆ ಬಂದ ಮೇಲೆ ಆ ಬೇಸುರದ ಹಾಡು ಮತ್ತೆ ಶುರುವಾಯಿತು.